ಹಾಡು ಕಟ್ಟುತ್ತ ಕಲಿತ ಪಾಠಗಳು

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಹುಲಿ-ಸಿಂಹಧಾಮ ಇರುವ ತ್ಯಾವರೆಕೊಪ್ಪ ನನ್ನೂರು. ಶಿವಮೊಗ್ಗ, ಭದ್ರಾವತಿಯ ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುವುದು ಹೊಟ್ಟೆಪಾಡು. ಹಾಡು ಬರೆದು ರಾಗ ಹಾಕುವುದು ಬಿಡಲಾಗದ ಕೆಲಸ. ಹೊಸದಾಗಿ ಈ ಕಡೆ ಬರುವ ಹುಡುಗ ಹುಡುಗಿಯರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ರಾಗ ಹಾಕುವ ಮೊದಲು ಸಾಲನ್ನು ಬರೀ ಮಾತಾಗಿ ಹೇಳಿ ನೋಡಿ.

ಮೊದಮೊದಲು ನಾನು ಕೀಬೋರ್ಡಿನ ಮುಂದೆ ಕೂತು ರಾಗ ಹುಡುಕಿ, ಆಮೇಲೆ ಅದಕ್ಕೆ ಮಾತು ತುಂಬುತ್ತಿದ್ದೆ. ಕೊಟ್ಟಿಗೆಯ ಮೇಲೆ ಬರೆದ ಒಂದು ಹಾಡಿನಲ್ಲಿ ‘ಕರು’ ಎಂಬ ಮಾತಿನ ಮೊದಲಕ್ಷರ ಉದ್ದನೆಯ ಸ್ವರದ ಮೇಲೆ ಕೂತಿತ್ತು. ಭದ್ರಾವತಿಯ ಗಣಪತಿ ಪೆಂಡಾಲಿನಲ್ಲಿ ಹಾಡಿಸಿದಾಗ ಕೇಳಿದವರಿಗೆಲ್ಲ ಅದು ‘ಕಾರು’. ಹಸುವಿನ ಪಕ್ಕ ಕಾರು ಯಾಕೆ ಬಂತೆಂದು ಹಿರಿಯರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಬಂದು ಕೇಳಿದರು. ಹ್ರಸ್ವ ದೀರ್ಘವಾದರೆ ಕನ್ನಡದಲ್ಲಿ ಅರ್ಥವೇ ಕೈಬಿಟ್ಟುಹೋಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ತಾನಾಗಿಯೇ ಗುರುವಾಗುತ್ತದೆ. ತಾಳದ ಪೆಟ್ಟು ಅಲ್ಲಿ ಬಿದ್ದರೆ ಹಾಡುವವರಿಗೆ ಸಲೀಸು. ನಮ್ಮ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗ ಅವರು. ಅವರ ಯಾವ ಹಾಡನ್ನೇ ಕೇಳಿ, ಒಂದಕ್ಷರವೂ ಜಾರುವುದಿಲ್ಲ. ಹಾಡು ಕಟ್ಟುವವರು ಮೊದಲು ಅದನ್ನು ಕೇಳಿಸಿಕೊಳ್ಳಬೇಕು.

2. ಎಡಗೈಗೆ ಬಿಡುವು ಕೊಡಿ.

ಹಾಡುವವರು ಬಾಯಿ ತೆರೆದಾಗ ನನ್ನ ಎರಡೂ ಕೈ ತುಂಬಿಕೊಂಡು ಓಡುತ್ತಿದ್ದವು. ಒಂದು ರೆಕಾರ್ಡಿಂಗನ್ನು ಮನೆಗೆ ತಂದು ಕೇಳಿದಾಗ ಚರಣದ ಮಾತೇ ಕೇಳಲಿಲ್ಲ. ಈಗ ಮಾತು ಇರುವಲ್ಲಿ ಕಾರ್ಡ್ ಹಿಡಿದು ಸುಮ್ಮನಿರುತ್ತೇನೆ, ಸಾಲು ಮುಗಿದ ಮೇಲೆ ಉತ್ತರ ಕೊಡುತ್ತೇನೆ.

3. ಕೀಬೋರ್ಡಿನಲ್ಲೂ ಜಾರು ಉಂಟು, ಹುಡುಕಬೇಕು.

ನನ್ನನ್ನು ಬಹಳ ಕಾಲ ಕಾಡಿದ್ದು ಇದು. ನಮ್ಮ ಭಾವಗೀತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುತ್ತದೆ. ಪಿಯಾನೋದ ಕೀಗಳೋ, ಮೆಟ್ಟಿಲುಗಳ ಹಾಗೆ ಬೇರೆ ಬೇರೆ. ಪಿಚ್ ಬೆಂಡ್ ಚಕ್ರ ತಿರುಗಿಸಿ ಗಮಕ ತರಲು ಹೋದರೆ ಪಿಯಾನೋದ ದನಿ ದನಿಯಾಗಿ ಉಳಿಯುವುದಿಲ್ಲ. ವೇದಿಕೆಯ ಮೇಲೆ ಅದನ್ನೇ ಮಾಡಿ ಒಂದು ಒಳ್ಳೆಯ ಹಾಡನ್ನು ಹಾಳುಮಾಡಿದ್ದೇನೆ.

ದಾರಿ ತೋರಿಸಿದವರು ಅಮೆರಿಕದ ಡಾನ್ ರಾಬರ್ಟ್‌ಸನ್. ಹಾಡು ಬರೆಯುತ್ತಿದ್ದ, ಪಿಯಾನೋ ನುಡಿಸುತ್ತಿದ್ದ ಮನುಷ್ಯ. ಅವರ ಹಲವು ಹಾಡುಗಳನ್ನು ಎಲ್ವಿಸ್ ಪ್ರೀಸ್ಲಿ ಹಾಡಿದ. 1960ರಲ್ಲಿ ಹ್ಯಾಂಕ್ ಲಾಕ್ಲಿನ್ ಹಾಡಿದ ‘ಪ್ಲೀಸ್ ಹೆಲ್ಪ್ ಮಿ, ಐಯಾಮ್ ಫಾಲಿಂಗ್’ ಹಾಡಿಗಾಗಿ ಅವರು ಮಾದರಿ ಧ್ವನಿಮುದ್ರಿಕೆ ಕಳಿಸಿದ್ದರು. ಅದರಲ್ಲಿನ ಪಿಯಾನೋ ಕೇಳಿ ನಿರ್ಮಾಪಕ ಚೆಟ್ ಆಟ್ಕಿನ್ಸ್, ಹಾಗೆಯೇ ನುಡಿಸಲು ಫ್ಲಾಯ್ಡ್ ಕ್ರೇಮರ್‌ಗೆ ಹೇಳಿದರು. ಅದೇ ವರ್ಷ ಕ್ರೇಮರ್ ಅವರ ‘ಲಾಸ್ಟ್ ಡೇಟ್’ ಬಂದು ಆ ಶೈಲಿ ಲೋಕಕ್ಕೆಲ್ಲ ಗೊತ್ತಾಯಿತು. ಮಾಡುವುದು ಇಷ್ಟೇ: ‘ಗ’ ಬೇಕಾದಲ್ಲಿ, ಮೇಲಿನ ‘ಪ’ವನ್ನು ಕಿರುಬೆರಳಲ್ಲಿ ಹಿಡಿದುಕೊಂಡು, ‘ರಿ’ಯನ್ನು ಕ್ಷಣ ಮಾತ್ರ ತಟ್ಟಿ ‘ಗ’ಕ್ಕೆ ಸರಿಯುವುದು. ಸ್ಟೀಲ್ ಗಿಟಾರಿನ ಎಳೆತ ಕಿವಿಗೆ ಬಂದಂತಾಗುತ್ತದೆ. ಮೋಹನ ರಾಗದ ಸ್ವರಗಳ ಮೇಲೆ ಇದನ್ನು ಪ್ರಯತ್ನಿಸಿದ ದಿನ ನನಗೆ ಆದ ಸಂತೋಷ ದೊಡ್ಡದು. ಮೋಹನದ ಐದು ಸ್ವರಗಳೇ ಅಮೆರಿಕದ ಎಷ್ಟೋ ಹಳ್ಳಿಹಾಡುಗಳ ಸ್ವರಗಳೂ ಹೌದು. ತೋಡಿಯಂಥ ರಾಗಕ್ಕೆ ಮಾತ್ರ ಇದು ಒಗ್ಗದು. ಅಲ್ಲಿ ಕೊಳಲಿಗೆ ಜಾಗ ಬಿಡುವುದೇ ಸರಿ.

4. ಗಾಯಕರ ಶ್ರುತಿಯೇ ಶ್ರುತಿ.

ನಮಗೆ ಕೈ ಕೂತ ಶ್ರುತಿಯಲ್ಲಿ ಅವರನ್ನು ಹಾಡಿಸಬಾರದು. ಟ್ರಾನ್ಸ್‌ಪೋಸ್ ಗುಂಡಿಯನ್ನೇ ನಂಬಿಕೊಂಡರೆ ಒಂದಲ್ಲ ಒಂದು ದಿನ ಹಿಂದಿನ ಹಾಡಿನ ಶ್ರುತಿಯಲ್ಲೇ ಮುಂದಿನ ಹಾಡು ಶುರುವಾಗುತ್ತದೆ. ಹನ್ನೆರಡು ಶ್ರುತಿಯಲ್ಲೂ ಕೈ ಓಡುವಂತೆ ಅಭ್ಯಾಸ ಮಾಡಿ.

5. ಊರ ಹಾಡಿಗೆ ಕಾರ್ಡ್ ಹಚ್ಚುವ ಮುನ್ನ ಇಡೀ ರಾತ್ರಿ ಕೇಳಿ.

ದೀಪಾವಳಿಯಲ್ಲಿ ನಮ್ಮ ಮಲೆನಾಡಿನವರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಕೆ-ಪಂಟಿಕೆ ಇದೆಯಲ್ಲ, ಅದರ ಒಂದು ಮಟ್ಟಿಗೆ ನಾನು ಬೆಡಗಿನ ಕಾರ್ಡುಗಳನ್ನು ಪೋಣಿಸಿದ್ದೆ. ಮೂಲ ಹಾಡುಗಾರರಿಗೆ ಕೇಳಿಸಿದೆ. ಅವರು ಬೈಯಲಿಲ್ಲ, ಹಾಡು ನಡೆಯುತ್ತಿಲ್ಲ ಎಂದರು. ಅದು ಕಾಲುದಾರಿಯಲ್ಲಿ ನಡೆಯುತ್ತ ಹಾಡುವ ಹಾಡು. ಒಂದು ಗುಂಪು ಹೇಳಿದ್ದನ್ನು ಇನ್ನೊಂದು ಎತ್ತಿಕೊಳ್ಳುವಾಗ ಸಿಗುವ ಉಸಿರಿನ ಜಾಗವನ್ನು ನನ್ನ ಕಾರ್ಡುಗಳು ತಿಂದುಹಾಕಿದ್ದವು. ಕೊನೆಗೆ ಷಡ್ಜ-ಪಂಚಮ ಎರಡನ್ನೇ ಹಿಡಿದೆ. ಹಾಡು ನಡೆಯಿತು.

6. ಅನುಮತಿಯೂ ಒಪ್ಪಂದವೂ ಕಾಗದದ ಮೇಲಿರಲಿ.

ಕವಿತೆಗೆ ರಾಗ ಹಾಕುವುದು ನಮ್ಮ ಸುಗಮ ಸಂಗೀತದ ಬೇರು. ಶಿವಮೊಗ್ಗದಲ್ಲಿ ಪಾಠ ಮಾಡುತ್ತಿದ್ದ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು, ಮನೆಮನೆ ತಲುಪಿತು. ಆದರೆ ಕವಿ ತೀರಿಕೊಂಡ ವರ್ಷದ ಮುಂದಿನ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಕುವೆಂಪು 1994ರಲ್ಲಿ ತೀರಿಕೊಂಡರು, ಅಂದರೆ 2054ರ ಕೊನೆಯವರೆಗೆ ಕೇಳಿಯೇ ಬಳಸಬೇಕು. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ಪದಗಳಿಗೆ ಆ ಕಟ್ಟಿಲ್ಲ.

ನಿಮ್ಮ ಹಾಡಿನ ಮಾತೂ ಇದೇ. ಒಂದು ಕ್ಯಾಸೆಟ್ ಕಂಪನಿಗೆ ಬಾಯಿಮಾತಿನಲ್ಲಿ ಹಾಡುಗಳನ್ನು ಕೊಟ್ಟೆ. ಹೊದಿಕೆಯ ಮೇಲೆ ನನ್ನ ಹೆಸರೂ ಬರಲಿಲ್ಲ. ಆಮೇಲೆ ಓದಿ ತಿಳಿದದ್ದು: ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. 2012ರ ತಿದ್ದುಪಡಿಯಾದ ಮೇಲೆ ಹಾಡು ಬರೆದವರು, ರಾಗ ಹಾಕಿದವರು ರಾಯಧನದ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ, ಬಿಟ್ಟುಕೊಟ್ಟೆ ಎಂದು ಬರೆದರೂ ಅದು ನಿಲ್ಲುವುದಿಲ್ಲ. ದಯವಿಟ್ಟು ಸಹಿ ಹಾಕುವ ಮುನ್ನ ಆ ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.