ಕೆಲಸ ಕಾಣಲಿ, ದೀಪ ಕಾಣದಿರಲಿ

ಕಣ್ಣು ಕುಕ್ಕದ, ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಕೆಲಸದ ದೀಪವನ್ನು ನೀವೇ ಮಾಡಿಕೊಳ್ಳುವ ಬಗೆ

ಬಾನೆಟ್ ಎತ್ತಿ ಬಗ್ಗಿ ನಿಂತ ಮೆಕ್ಯಾನಿಕ್, ಕತ್ತಲೆ ಮೂಲೆಯಲ್ಲಿ ಡಿಬಿ ಬಾಕ್ಸ್ ತೆರೆದ ಎಲೆಕ್ಟ್ರಿಷಿಯನ್, ಕರೆಂಟು ಹೋದರೂ ನಾಳೆಯ ಮದುವೆಯ ರವಿಕೆಗೆ ಹುಕ್ಕು ಹಚ್ಚಿ ಮುಗಿಸಬೇಕಾದ ಟೈಲರ್. ಮೂವರ ಕೈಗೂ ಮೊದಲು ಸಿಗುವುದು ಮೊಬೈಲ್ ಟಾರ್ಚು, ಇಲ್ಲವೇ ಫುಟ್‌ಪಾತಿನಲ್ಲಿ ಕೊಂಡ ಎಲ್‌ಇಡಿ ಲೈಟು. ಬೆಳಕಿಗೇನೂ ಬರವಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕಣ್ಣು ಉರಿಯತೊಡಗುತ್ತದೆ. ದೀಪದಿಂದ ದೃಷ್ಟಿ ತೆಗೆದರೆ ಎದುರಿಗೆ ಕಪ್ಪು ಮಚ್ಚೆ ತೇಲುತ್ತದೆ. ಹೊಳೆಯುವ ಸ್ಕ್ರೂವಿನ ತಲೆ ಫಳಾರನೆ ಮಿಂಚಿ, ಅದರ ಸೀಳೇ ಕಾಣದಂತಾಗುತ್ತದೆ.

ಬೆಳಕು ಕಡಿಮೆ ಮಾಡಿದರೆ ಈ ತೊಂದರೆ ನೀಗುವುದಿಲ್ಲ. ಬೆಳಕು ಹೊಮ್ಮುವ ಮುಖವನ್ನು ಹಿಗ್ಗಿಸಬೇಕು, ಅದು ನೇರವಾಗಿ ಕಣ್ಣಿಗೆ ಬೀಳದಂತೆ ಮರೆ ಕಟ್ಟಬೇಕು. ಇಲ್ಲಿ ವಿವರಿಸಿರುವ ದೀಪದಲ್ಲಿ ಆ ಮರೆಯೇ ಮುಚ್ಚಳವೂ ಹೌದು. ಬಿಚ್ಚಿದರೆ ಕಣ್ಣಿಗೆ ನೆರಳು, ಮಡಚಿದರೆ ದೀಪಕ್ಕೆ ಕವಚ. ಹಾಗಾಗಿ ಮರೆ ಇದ್ದೂ ದೀಪ ಜಾಗ ತಿನ್ನುವುದಿಲ್ಲ.

ಕಣ್ಣು ಕುಕ್ಕುವುದು ಏಕೆ?

ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗ ಕೆಲವೇ ಮಿಲಿಮೀಟರಿನದು. ಅಷ್ಟು ಕಿರಿದಾದ ಜಾಗದಿಂದ ಅಷ್ಟೂ ಬೆಳಕು ಹೊಮ್ಮುವುದರಿಂದ ಆ ಚುಕ್ಕೆ ವಿಪರೀತ ಪ್ರಖರವಾಗಿರುತ್ತದೆ. ಅದೇ ಬೆಳಕನ್ನು ಒಂದು ಗೇಣುದ್ದದ ಹಾಲುಬಣ್ಣದ ಹಾಳೆಯ ಮೇಲೆ ಹರಡಿದರೆ ಕೆಲಸದ ಮೇಲೆ ಬೀಳುವ ಬೆಳಕು ತುಸು ಮಾತ್ರ ಇಳಿಯುತ್ತದೆ, ಮುಖದ ಪ್ರಖರತೆ ಮಾತ್ರ ಹಲವು ಪಟ್ಟು ಇಳಿಯುತ್ತದೆ.

ಕಣ್ಣು ಕುಕ್ಕುವುದರಲ್ಲಿ ಎರಡು ಬಗೆ. ಒಂದು, ದೀಪವೇ ನೇರವಾಗಿ ಕಣ್ಣಿಗೆ ಬೀಳುವುದು. ಇನ್ನೊಂದು, ಲೋಹ, ಗಾಜು, ನುಣುಪು ಕಾಗದಗಳಲ್ಲಿ ದೀಪದ ಬಿಂಬ ಮಿಂಚುವುದು. ಮೊದಲನೆಯದಕ್ಕೆ ಮರೆ ಬೇಕು. ಎರಡನೆಯದಕ್ಕೆ ಅಗಲವಾದ ಮುಖ ಮತ್ತು ದೀಪ ಇಡುವ ಸರಿಯಾದ ಜಾಗ ಬೇಕು.

ಇದು ಹೊಸ ಚಿಂತೆಯಲ್ಲ. ವಿದ್ಯುತ್ ಬಲ್ಬು ಮನೆಮನೆಗೆ ಬರುತ್ತಿದ್ದ 1920ರ ದಶಕದಲ್ಲೇ ಡೆನ್ಮಾರ್ಕಿನ ವಿನ್ಯಾಸಕಾರ ಪೌಲ್ ಹೆನ್ನಿಂಗ್ಸೆನ್ ಒಂದರ ಕೆಳಗೊಂದು ಬಾಗಿದ ತಟ್ಟೆಗಳನ್ನು ಜೋಡಿಸಿ, ಯಾವ ಕಡೆಯಿಂದಲೂ ಬಲ್ಬು ಕಣ್ಣಿಗೆ ಬೀಳದಂಥ ದೀಪ ರೂಪಿಸಿದ್ದರು. ನಮ್ಮ ಚೀಲದ ದೀಪಕ್ಕೆ ಒಂದೇ ತಟ್ಟೆ ಸಾಕು.

ವಯಸ್ಸಿನ ಮಾತೂ ಇದೆ. 20ರ ಹರೆಯದವರಿಗೆ ಹೋಲಿಸಿದರೆ 60 ದಾಟಿದವರ ಅಕ್ಷಿಪಟಲ ತಲುಪುವ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು. ಪೊರೆ ಬರತೊಡಗಿದ್ದರೆ ಆ ಬೆಳಕೂ ಕಣ್ಣೊಳಗೆ ಚೆದುರುತ್ತದೆ. ಹಿರಿಯ ಕುಶಲಕರ್ಮಿಗಳಿಗೆ ಹೆಚ್ಚು ಬೆಳಕೂ ಬೇಕು, ಹೆಚ್ಚು ಮರೆಯೂ ಬೇಕು.

ಎಷ್ಟು ಬೆಳಕು ಬೇಕು?

ಕೆಲಸದ ಮೇಲೆ ಬೀಳುವ ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಅಂತಾರಾಷ್ಟ್ರೀಯ ಬೆಳಕಿನ ಮಾರ್ಗಸೂಚಿಯ ಪ್ರಕಾರ ಓದುಬರಹಕ್ಕೆ 500 ಲಕ್ಸ್, ಹೊಲಿಗೆಗೆ 750, ಆಭರಣದ ಕೆಲಸಕ್ಕೆ 1,000 ಲಕ್ಸ್ ಇರಬೇಕು. ಇಲ್ಲಿನ ದೀಪದ ಬಳಕೆ ಸುಮಾರು 6 ವಾಟ್. ಹಾಲುಬಣ್ಣದ ಹಾಳೆ ನುಂಗುವ ಪಾಲನ್ನು ಕಳೆದರೂ 40 ಸೆಂಮೀ ಎತ್ತರದಿಂದ 500ರಿಂದ 600 ಲಕ್ಸ್ ನಿರೀಕ್ಷಿಸಬಹುದು. ದೂರ ಇಮ್ಮಡಿಯಾದರೆ ಬೆಳಕು ಹೆಚ್ಚೂಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಸೂಕ್ಷ್ಮ ಕೆಲಸಕ್ಕೆ ವಾಟ್ ಏರಿಸುವ ಬದಲು ದೀಪವನ್ನು 25–30 ಸೆಂಮೀಗೆ ತಗ್ಗಿಸಿದರೆ ಬ್ಯಾಟರಿಯೂ ಉಳಿಯುತ್ತದೆ.

ಬೇಕಾಗುವ ಸಾಮಾನು

• ಅಲ್ಯೂಮಿನಿಯಂ ಯು ಚಾನೆಲ್: 40 ಮಿಮೀ ಅಗಲ, 20 ಮಿಮೀ ಆಳ, 35 ಸೆಂಮೀ ಉದ್ದ. ಕಿಟಕಿ, ಪಾರ್ಟಿಷನ್ ಮಾಡುವ ಫ್ಯಾಬ್ರಿಕೇಷನ್ ಅಂಗಡಿಯ ತುಂಡುಗಳ ರಾಶಿಯಲ್ಲಿ ಹುಡುಕಿ.
• ಮರೆಪಟ್ಟಿಗೆ 40 ಮಿಮೀ ಅಗಲ, 35 ಸೆಂಮೀ ಉದ್ದದ ತೆಳು ಅಲ್ಯೂಮಿನಿಯಂ ಪಟ್ಟಿ. ಅಷ್ಟೇ ಉದ್ದದ ಪಿಯಾನೊ ಬಿಜಾಗರಿ.
• ಕಂಬಕ್ಕೆ 20×3 ಮಿಮೀ ಅಲ್ಯೂಮಿನಿಯಂ ಫ್ಲಾಟ್, 38 ಸೆಂಮೀ.
• 5 ವೋಲ್ಟ್ ಎಲ್‌ಇಡಿ ಸ್ಟ್ರಿಪ್: ಮೀಟರಿಗೆ 120 ಎಲ್‌ಇಡಿ, 9 ವಾಟ್ ಆಸುಪಾಸಿನದು; 33 ಸೆಂಮೀಯ ಎರಡು ತುಂಡು.
• 2 ಮಿಮೀ ದಪ್ಪದ ಹಾಲುಬಣ್ಣದ ಅಕ್ರಿಲಿಕ್ ಹಾಳೆ. ಅಂಗಡಿ ಬೋರ್ಡು ಮಾಡುವವರ ಬಳಿ ಚೂರುಗಳಿರುತ್ತವೆ, ಅಳತೆ ಕೊಟ್ಟರೆ ಕತ್ತರಿಸಿಯೂ ಕೊಡುತ್ತಾರೆ.
• ಎರಡು ಸಣ್ಣ ರಾಕರ್ ಸ್ವಿಚ್, ಹಳೆಯ ಯುಎಸ್‌ಬಿ ಕೇಬಲ್, ಹೀಟ್ ಶ್ರಿಂಕ್ ಸ್ಲೀವ್.
• 6 ಮಿಮೀ ಬೋಲ್ಟ್, ವಿಂಗ್ ನಟ್, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ವಾಷರ್.
• ಸಣ್ಣ ಜಿ ಕ್ಲಾಂಪ್, ವೆಲ್ಕ್ರೊ ಪಟ್ಟಿ, 10,000 ಎಂಎಎಚ್ ಪವರ್ ಬ್ಯಾಂಕ್.

ಸ್ಟ್ರಿಪ್ ಕೊಳ್ಳುವಾಗ ಮೂರು ವಿಷಯ ನೋಡಿ. ವೋಲ್ಟೇಜ್ 5 ಇರಲಿ. 12 ವೋಲ್ಟಿನ ಸ್ಟ್ರಿಪ್ ಪವರ್ ಬ್ಯಾಂಕಿನ 5 ವೋಲ್ಟಿಗೆ ಉರಿಯುವುದಿಲ್ಲ. ಬಣ್ಣ 4,000 ಕೆಲ್ವಿನ್ ಇರಲಿ. ಅಂಗಡಿಯಲ್ಲಿ ‘ನ್ಯಾಚುರಲ್ ವೈಟ್’ ಎಂದು ಕೇಳಿ. ದಾರದ ಬಣ್ಣ, ವೈರಿನ ಬಣ್ಣ ಗುರುತಿಸುವ ಕೆಲಸವಾದರೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವುದನ್ನು ಆರಿಸಿ. ಇಲ್ಲವಾದರೆ ಕಂದು ಮತ್ತು ಕೆಂಪು, ಕಡುನೀಲಿ ಮತ್ತು ಕಪ್ಪು ಒಂದೇ ಥರ ಕಂಡು ಮೋಸವಾದೀತು. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಬೇರೆ ಊರುಗಳಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ.

ಮಾಡುವ ವಿಧಾನ

1. ಮೊದಲು ರಟ್ಟಿನ ಮಾದರಿ. ಲೋಹ ಕೊಯ್ಯುವ ಮುನ್ನ ಇದೇ ಅಳತೆಗೆ ರಟ್ಟು ಕತ್ತರಿಸಿ ಅಂಟಿಸಿ, ನೀವು ಕೂರುವ ಜಾಗದಲ್ಲೇ ಹಿಡಿದು ನೋಡಿ. ಕೈಗೆ ತಾಗುತ್ತದೆಯೇ? ನಿಮ್ಮ ಸಾಮಾನಿನ ಚೀಲದಲ್ಲಿ ಕೂರುತ್ತದೆಯೇ? ಚೀಲ ಚಿಕ್ಕದಿದ್ದರೆ ಉದ್ದವನ್ನು ಈಗಲೇ ತಗ್ಗಿಸಿ.

2. ಚಾನೆಲ್ ಸಿದ್ಧಪಡಿಸಿ. ಹ್ಯಾಕ್ಸಾದಿಂದ ಕೊಯ್ದು, ಅಂಚುಗಳನ್ನು ಅರದಿಂದ ಉಜ್ಜಿ ಚೂಪು ತೆಗೆಯಿರಿ. ಒಳಗೋಡೆಗಳಿಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಯಿರಿ. ಸ್ಟ್ರಿಪ್ ಕೂರುವ ತಳಕ್ಕೆ ಮಾತ್ರ ಬಣ್ಣ ಬೇಡ. ಎಲ್‌ಇಡಿಯ ಬಿಸಿ ಲೋಹಕ್ಕೆ ಇಳಿಯಬೇಕಾದರೆ ಸ್ಟ್ರಿಪ್ ಬರಿಯ ಅಲ್ಯೂಮಿನಿಯಂ ಮೇಲೆಯೇ ಇರಬೇಕು. ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಅಗ್ಗವಾದರೂ ಬಿಸಿಯನ್ನು ಒಳಗೇ ಹಿಡಿದಿಡುವುದರಿಂದ ಎಲ್‌ಇಡಿ ಬೇಗ ಮಂಕಾಗುತ್ತದೆ.

3. ಸ್ಟ್ರಿಪ್ ಅಂಟಿಸಿ. ಕತ್ತರಿಯ ಗುರುತಿರುವ ಕಡೆ ಮಾತ್ರ ಸ್ಟ್ರಿಪ್ ಕತ್ತರಿಸಿ. ತಳವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಎರಡು ಸಾಲುಗಳನ್ನು 15 ಮಿಮೀ ಅಂತರದಲ್ಲಿ ಅಂಟಿಸಿ. ಒಂದು ತುದಿಯಲ್ಲಿ 2 ಸೆಂಮೀ ಖಾಲಿ ಬಿಡಿ. ಬೋಲ್ಟು ಅಲ್ಲಿ ಬರುತ್ತದೆ.

4. ಒಂದೊಂದು ಸಾಲಿಗೆ ಒಂದೊಂದು ಸ್ವಿಚ್. ಬೆಳಕು ಏರಿಸಿ ಇಳಿಸಲು ಸಿಗುವ ಅಗ್ಗದ ಡಿಮ್ಮರ್‌ಗಳು ಎಲ್‌ಇಡಿಯನ್ನು ಅತಿವೇಗವಾಗಿ ಆರಿಸಿ ಹೊತ್ತಿಸುತ್ತವೆ. ಅಂಥ ಬೆಳಕಿನಲ್ಲಿ ತಿರುಗುತ್ತಿರುವ ಡ್ರಿಲ್ ಅಥವಾ ಲೇತ್ ನಿಂತಂತೆ, ಇಲ್ಲವೇ ನಿಧಾನವಾಗಿ ತಿರುಗಿದಂತೆ ತೋರಬಹುದು. ನಂಬಿ ಕೈಯಿಟ್ಟರೆ ಅಪಾಯ. ಅದರ ಬದಲು ಒಂದು ಸಾಲು ಹಾಕಿದರೆ ಅರ್ಧ ಬೆಳಕು, ಎರಡೂ ಹಾಕಿದರೆ ಪೂರ್ತಿ. ಮಿಡಿತವೂ ಇಲ್ಲ, ಕೆಡುವ ಭಾಗವೂ ಒಂದು ಕಡಿಮೆ.

5. ವೈರಿಂಗ್. ಯುಎಸ್‌ಬಿ ಕೇಬಲಿನಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಆದರೂ ಮಲ್ಟಿಮೀಟರಿನಲ್ಲಿ ಒಮ್ಮೆ ನೋಡಿಕೊಳ್ಳಿ. ಉಳಿದ ಸಪೂರ ವೈರುಗಳನ್ನು ಕತ್ತರಿಸಿ, ಒಂದಕ್ಕೊಂದು ತಾಗದಂತೆ ಸ್ಲೀವ್ ಹಾಕಿ. ಪ್ಲಸ್ ವೈರನ್ನು ಎರಡಾಗಿ ಕವಲೊಡೆಸಿ, ಎರಡು ಸ್ವಿಚ್‌ಗಳ ಮೂಲಕ ಎರಡು ಸಾಲಿಗೆ ಬೆಸೆಯಿರಿ. ಮೈನಸ್ ಎರಡಕ್ಕೂ ಒಂದೇ. ಕೇಬಲ್ ಹಳೆಯ ಆಯತಾಕಾರದ ತುದಿಯ ಯುಎಸ್‌ಬಿ-ಎ ಆಗಿರಲಿ. ಎರಡೂ ಕಡೆ ಟೈಪ್-ಸಿ ಇರುವ ಕೇಬಲನ್ನು ಕತ್ತರಿಸಿ ಬರೀ ಎರಡು ವೈರು ಜೋಡಿಸಿದರೆ ಪವರ್ ಬ್ಯಾಂಕ್ ಕರೆಂಟೇ ಕೊಡುವುದಿಲ್ಲ. ಆಚೆ ಬದಿಯಲ್ಲಿ ಉಪಕರಣ ಇದೆ ಎಂದು ತಿಳಿಸುವ ರೆಸಿಸ್ಟರ್ ಅದಕ್ಕೆ ಬೇಕು.

6. ಹಾಲುಬಣ್ಣದ ಹಾಳೆ ಕೂರಿಸಿ. ಎಲ್‌ಇಡಿಗೂ ಹಾಳೆಗೂ ನಡುವಿನ ಅಂತರ ಎರಡು ಎಲ್‌ಇಡಿಗಳ ನಡುವಿನ ಅಂತರಕ್ಕಿಂತ ಕಡಿಮೆ ಇರಬಾರದು, ಇದ್ದರೆ ಚುಕ್ಕೆಗಳು ಎದ್ದು ಕಾಣುತ್ತವೆ. ಮೀಟರಿಗೆ 120 ಎಂದರೆ ಎಲ್‌ಇಡಿಗಳ ನಡುವೆ ಸುಮಾರು 8 ಮಿಮೀ. 20 ಮಿಮೀ ಆಳದ ಚಾನೆಲಿನಲ್ಲಿ ಅದರ ಎರಡರಷ್ಟು ಜಾಗ ಸಿಗುತ್ತದೆ. ಮೀಟರಿಗೆ 60ರ ಸ್ಟ್ರಿಪ್ ಇದೇ ಚಾನೆಲಿಗೆ ಹಾಕಿದರೆ ಚುಕ್ಕೆ ಕಾಣುವ ಸಂಭವ ಹೆಚ್ಚು. ಹಾಳೆಯನ್ನು ಪೂರ್ತಿ ಅಂಟಿಸಬೇಡಿ. ನಾಲ್ಕು ಮೂಲೆಯಲ್ಲಿ ತುಸು ಸಿಲಿಕೋನ್ ಸಾಕು, ರಿಪೇರಿಗೆ ಬಿಚ್ಚಲು ಸುಲಭ.

7. ಮರೆಪಟ್ಟಿ ಜೋಡಿಸಿ. ಬಿಜಾಗರಿಯ ಒಂದು ಬದಿಯನ್ನು ಚಾನೆಲಿನ ಹೊರಗೋಡೆಗೆ, ಇನ್ನೊಂದನ್ನು ಪಟ್ಟಿಗೆ ರಿವೆಟ್ ಹೊಡೆಯಿರಿ. ಮಡಚಿದಾಗ ಪಟ್ಟಿ ಹಾಳೆಯ ಮೇಲೆ ಕೂತು ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳ ಗೀರಿನಿಂದ ಕಾಪಾಡಬೇಕು. ಬಿಚ್ಚಿದಾಗ ಗೋಡೆಯ ನೇರಕ್ಕೆ ಕೆಳಗಿಳಿದು ನಿಲ್ಲಬೇಕು. ಬೆಳಕಿನ ಮುಖದ ಅಗಲ 40 ಮಿಮೀ, ಮರೆಯ ಇಳಿತವೂ 40 ಮಿಮೀ. ಹೀಗೆ ಎರಡೂ ಸಮನಾದರೆ ದೀಪದ ಮಟ್ಟದಿಂದ 45 ಡಿಗ್ರಿ ಕೆಳಗಿನವರೆಗೆ, ಮರೆಯ ಬದಿಯಲ್ಲಿ ಕೂತವರಿಗೆ ಬೆಳಕಿನ ಮುಖ ಕಾಣುವುದಿಲ್ಲ. ಪಟ್ಟಿಯ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ, ಇಲ್ಲದಿದ್ದರೆ ಅದೇ ಇನ್ನೊಂದು ದೀಪವಾಗಿ ಮಿಂಚುತ್ತದೆ. ಬಿಜಾಗರಿ ಸಡಿಲವಿದ್ದರೆ ಅದರ ಗೆಣ್ಣುಗಳನ್ನು ಇಕ್ಕಳದಿಂದ ಮೆಲ್ಲಗೆ ಅದುಮಿ ಬಿಗಿ ಮಾಡಿ. ಮುಚ್ಚಿ ಹಿಡಿಯಲು ವೆಲ್ಕ್ರೊ ಬಳಸಿ. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಅಂಟುವುದಿಲ್ಲ.

8. ಕಂಬ ಮತ್ತು ಕೀಲು. ಖಾಲಿ ಬಿಟ್ಟ ತುದಿಯಲ್ಲಿ, ಬಿಜಾಗರಿ ಇಲ್ಲದ ಗೋಡೆಗೆ ತೂತು ಕೊರೆದು ಬೋಲ್ಟು ಹಾಕಿ. ಅದರ ಮೇಲೆ ರಬ್ಬರ್ ವಾಷರ್, ಕಂಬ, ಮತ್ತೊಂದು ವಾಷರ್, ಕೊನೆಗೆ ವಿಂಗ್ ನಟ್. ರಬ್ಬರಿನ ಹಿಡಿತದಿಂದ ದೀಪ ನಿಲ್ಲಿಸಿದ ಕೋನದಲ್ಲೇ ನಿಲ್ಲುತ್ತದೆ. ಕೀಲಿನ ಬಳಿ ವೈರಿಗೆ 8 ಸೆಂಮೀಯಷ್ಟು ಸಡಿಲ ಬಿಡಿ. ಮಡಚುವ ದೀಪಗಳಲ್ಲಿ ಮೊದಲು ತುಂಡಾಗುವುದು ಕೀಲಿನ ಬಳಿ ಎಳೆದಾಡುವ ವೈರೇ. ಕಂಬದ ಬುಡವನ್ನು ಜಿ ಕ್ಲಾಂಪಿನಿಂದ ಮೇಜಿನ ಅಂಚಿಗೆ ಬಿಗಿಯಿರಿ. ಪವರ್ ಬ್ಯಾಂಕ್ ಕೆಳಗೇ ಇರಲಿ. ಮೇಲೆ ಕಟ್ಟಿದರೆ ದೀಪ ವಾಲುತ್ತದೆ.

ಮಡಚಿದಾಗ ಕಂಬ ಚಾನೆಲಿನ ಪಕ್ಕಕ್ಕೆ ಬಂದು ಕೂರುತ್ತದೆ. ಎಲ್ಲ ಸೇರಿ ಸುಮಾರು 38 ಸೆಂಮೀ ಉದ್ದ, 6 ಸೆಂಮೀ ಅಗಲ, 3 ಸೆಂಮೀ ದಪ್ಪ.

ಇಡುವ ಜಾಗ: ಕನ್ನಡಿಯ ಪರೀಕ್ಷೆ

ಎಷ್ಟೇ ಚೆನ್ನಾದ ದೀಪವೂ ತಪ್ಪು ಜಾಗದಲ್ಲಿಟ್ಟರೆ ಕುಕ್ಕುತ್ತದೆ. ಕೆಲಸದ ವಸ್ತು ಇರುವಲ್ಲಿ ಒಂದು ಸಣ್ಣ ಕನ್ನಡಿಯನ್ನು ಅಂಗಾತ ಇಟ್ಟು, ಮಾಮೂಲಿಯಾಗಿ ಕೂರುವಂತೆ ಕೂತು ನೋಡಿ. ಕನ್ನಡಿಯಲ್ಲಿ ದೀಪ ಕಂಡರೆ ಹೊಳೆಯುವ ಕೆಲಸದಲ್ಲೂ ಅದರ ಬಿಂಬ ಮಿಂಚುತ್ತದೆ ಎಂದರ್ಥ. ಕಾಣದಾಗುವವರೆಗೆ ದೀಪವನ್ನು ಪಕ್ಕಕ್ಕೆ ಸರಿಸಿ. ಬಲಗೈಯವರಿಗೆ ಎಡಗಡೆಯಿಂದ, ಎಡಗೈಯವರಿಗೆ ಬಲಗಡೆಯಿಂದ ಬೆಳಕು ಬಂದರೆ ಕೈಯ ನೆರಳು ಕೆಲಸದ ಮೇಲೆ ಬೀಳದು.

ಹೊಳಪಿನ ಕೆಲಸದವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಬೀದರಿನ ಬಿದರಿ ಕಲಾಕಾರರು ಲೋಹದಲ್ಲಿ ಕೊರೆದ ಗೆರೆಗಳೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊರೆದ ಗೆರೆಯ ಆಳ ತಿಳಿಯಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು, ಬೆಳ್ಳಿ ಮಿಂಚದಿರಬೇಕಾದರೆ ಬೆಳಕಿನ ಮುಖ ಅಗಲವಿರಬೇಕು. ನೆಲದ ಮೇಲೆ ಕೂತು ಮಾಡುವ ಇಂಥ ಕೆಲಸಗಳಲ್ಲಿ ಕಣ್ಣು ದೀಪಕ್ಕಿಂತ ಕೆಳಗಿರುವುದೇ ಹೆಚ್ಚು. ಮರೆಪಟ್ಟಿಯ ನಿಜವಾದ ಉಪಯೋಗ ಗೊತ್ತಾಗುವುದು ಆಗಲೇ.

ಕೋಣೆಯ ಉಳಿದ ದೀಪಗಳನ್ನು ಪೂರ್ತಿ ಆರಿಸಬೇಡಿ. ಕತ್ತಲಿನ ನಡುವೆ ಒಂದೇ ಬೆಳಕಿನ ತುಂಡು ಇದ್ದರೆ ತಲೆಯೆತ್ತಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕು, ಬೇಗ ದಣಿಯುತ್ತದೆ.

ಎಷ್ಟು ಹೊತ್ತು ಉರಿಯುತ್ತದೆ?

10,000 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಅಂದರೆ 37 ವಾಟ್-ಅವರ್. ಅದನ್ನು 5 ವೋಲ್ಟಿಗೆ ಏರಿಸುವಾಗ ಸ್ವಲ್ಪ ಸೋರಿ, ಕೈಗೆ ಸಿಗುವುದು ಸುಮಾರು 30. ಎರಡೂ ಸಾಲು ಹಾಕಿದರೆ ಸುಮಾರು ಐದು ಗಂಟೆ, ಒಂದೇ ಸಾಲಿಗೆ ಅದರ ಇಮ್ಮಡಿ. ಪವರ್ ಬ್ಯಾಂಕಿಗೆ ಬಿಐಎಸ್ ಗುರುತು ಇದೆಯೇ ನೋಡಿ ಕೊಳ್ಳಿ. ಉಬ್ಬಿದ್ದನ್ನು ಬಳಸಬೇಡಿ, ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಬಿಟ್ಟುಹೋಗಬೇಡಿ.

ಎಚ್ಚರಿಕೆ

5 ವೋಲ್ಟಿನ ಈ ದೀಪದಿಂದ ಶಾಕ್ ಹೊಡೆಯುವ ಭಯವಿಲ್ಲ. ಒದ್ದೆ ನೆಲದ ಗ್ಯಾರೇಜುಗಳಲ್ಲಿ 230 ವೋಲ್ಟಿನ ಕೈದೀಪಕ್ಕಿಂತ ಇದು ಕ್ಷೇಮ. ಆದರೆ ಅಲ್ಯೂಮಿನಿಯಂ ಮೈ ವಿದ್ಯುತ್ ಹರಿಸುತ್ತದೆ. ಮೇನ್ ಆಫ್ ಮಾಡದ ಡಿಬಿ ಬಾಕ್ಸಿನೊಳಗೆ, ಕಾರಿನ ಬ್ಯಾಟರಿಯ ಟರ್ಮಿನಲ್‌ಗಳ ಮೇಲೆ ಇದನ್ನು ಇಡಬೇಡಿ. ಪೆಟ್ರೋಲ್ ಆವಿ, ಗ್ಯಾಸ್ ವಾಸನೆ ಇರುವಲ್ಲಿ ಸ್ವಿಚ್ಚಿನ ಒಂದು ಕಿಡಿಯೂ ಸಾಕು. ಅಲ್ಲಿ ಈ ದೀಪ ಬೇಡವೇ ಬೇಡ.

ನಿಮ್ಮ ಕಸುಬಿಗೆ ತಕ್ಕಂತೆ

ಮೆಕ್ಯಾನಿಕ್‌ಗಳು ಜಿ ಕ್ಲಾಂಪಿನ ಬದಲು ಕಂಬದ ಬುಡಕ್ಕೆ ರಬ್ಬರ್ ಹೊದಿಕೆಯ ಮ್ಯಾಗ್ನೆಟ್ ಬೋಲ್ಟು ಮಾಡಿಕೊಂಡರೆ ಬಾನೆಟ್ಟಿನ ಕಬ್ಬಿಣಕ್ಕೆ ನೇರವಾಗಿ ಅಂಟುತ್ತದೆ. ಟೈಲರ್‌ಗಳು ಮೆಷಿನ್ ಪಕ್ಕದಲ್ಲಿಡಲು ಚಾನೆಲನ್ನು 25 ಸೆಂಮೀಗೆ ಇಳಿಸಬಹುದು. ಮೊಬೈಲ್ ರಿಪೇರಿಯವರು ಎರಡು ದೀಪ ಮಾಡಿ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡರೆ ನೆರಳಿನ ಕಾಟ ತಪ್ಪುತ್ತದೆ. ಉದ್ದ, ಎತ್ತರ, ಬುಡ ಯಾವುದನ್ನು ಬೇಕಾದರೂ ಬದಲಿಸಿ. ಮರೆಪಟ್ಟಿಯ ಅಗಲ ಬೆಳಕಿನ ಮುಖದ ಅಗಲಕ್ಕಿಂತ ಕಡಿಮೆಯಾಗದಂತೆ ಮಾತ್ರ ನೋಡಿಕೊಳ್ಳಿ: ಕಡಿಮೆಯಾದರೆ ಕಣ್ಣಿಗೂ ಮರೆ ಸಾಲದು, ಮಡಚಿದಾಗ ಹಾಳೆಯೂ ಪೂರ್ತಿ ಮುಚ್ಚದು.