ಮನೆಯೇ ಪಾಠಶಾಲೆಯಾದಾಗ: ಗಮನ ನಿಲ್ಲದ, ಅಕ್ಷರ ಒಲಿಯದ ಮಗುವಿನ ಆರೈಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಭಕ್ತಕುಟುಂಬಗಳಿಂದ ಚಿಕಿತ್ಸೆಗೆ ಬರುವ ಕೆಲವು ಮಕ್ಕಳನ್ನು ಕುರಿತು ತಾಯಿತಂದೆಯರು ಹೇಳುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಕೇಳಿದ ಕಥೆಯನ್ನು ಮಗು ಚೆನ್ನಾಗಿ ಒಪ್ಪಿಸುತ್ತದೆ. ಪುಸ್ತಕ ಕೊಟ್ಟರೆ ಒಂದು ಸಾಲನ್ನೂ ಓದಲಾರದು. ಐದು ನಿಮಿಷ ಕೂರುವುದಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಓಡುತ್ತದೆ. ಶಾಲೆಯಿಂದ ದಿನವೂ ದೂರು ಬರುತ್ತಿದ್ದುದರಿಂದ ಬಿಡಿಸಿ ಮನೆಯಲ್ಲಿಯೇ ಕಲಿಸುತ್ತಿದ್ದೇವೆ. ಬುದ್ಧಿ ಚುರುಕಾಗಲು ಒಂದು ಔಷಧ ಕೊಡಿ ಎಂದು ಕೇಳುತ್ತಾರೆ.

ಅಕ್ಷರ ಕಲಿಸುವ ಔಷಧವು ಯಾವ ವೈದ್ಯಪದ್ಧತಿಯಲ್ಲಿಯೂ ಇಲ್ಲ. ಆದರೆ ದಾರಿಯಿದೆ. ಮೊದಲು ದೇಹ ಮತ್ತು ಇಂದ್ರಿಯಗಳು, ಬಳಿಕ ಗಮನ, ಅನಂತರ ಅಕ್ಷರ ಎಂಬ ಕ್ರಮದಲ್ಲಿ ನಡೆದರೆ ಮನೆಯ ಪಾಠ ಫಲಿಸುತ್ತದೆ. ನಾವು ಸಾಮಾನ್ಯವಾಗಿ ಈ ಕ್ರಮವನ್ನು ತಿರುಗುಮುರುಗು ಮಾಡಿ, ಅಕ್ಷರದಿಂದಲೇ ಆರಂಭಿಸಿ, ಮಗುವನ್ನೂ ನಮ್ಮನ್ನೂ ದಣಿಸಿಕೊಳ್ಳುತ್ತೇವೆ.

ಇದು ಸೋಮಾರಿತನವೇ?

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಲಕ ಚುರುಕು, ಲೆಕ್ಕದಲ್ಲಿಯೂ ಸಮರ್ಥ. ಓದು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಉಪಾಧ್ಯಾಯರು ಹೇಳಿದ್ದರು. ಇಂದು ಡಿಸ್ಲೆಕ್ಸಿಯಾ ಎಂದು ಕರೆಯಲಾಗುವ ಓದಿನ ತೊಡಕು ಇದೇ. ಇದಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ. ಇದರೊಡನೆ ಗಮನದ ಕೊರತೆ ಮತ್ತು ಶಬ್ದ, ಸ್ಪರ್ಶಗಳನ್ನು ತಾಳಲಾರದ ಸ್ವಭಾವ ಒಂದೇ ಮಗುವಿನಲ್ಲಿ ಕೂಡಿಬರುವುದು ಅಪರೂಪವೇನಲ್ಲ. ಅಂಥ ಮಗುವನ್ನು ದಡ್ಡ, ಹಠಮಾರಿ ಎನ್ನುವುದು ಗಾಯದ ಮೇಲೆ ಬರೆ ಹಾಕಿದಂತೆ.

ಮೊದಲು ತಪಾಸಣೆ

ಮನೆಪಾಠ ಆರಂಭಿಸುವ ಮುನ್ನ ಕಣ್ಣು ಮತ್ತು ಕಿವಿಗಳನ್ನು ಪರೀಕ್ಷೆ ಮಾಡಿಸಬೇಕು. ರಕ್ತಹೀನತೆ, ಜಂತುಹುಳು, ಥೈರಾಯ್ಡ್ ದೋಷ, ಗೊರಕೆಯಿಂದ ಕೆಡುವ ನಿದ್ರೆ ಇವು ಕೂಡ ಗಮನವನ್ನು ಕುಂದಿಸುತ್ತವೆ. ಮಾತನಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಲವು ಕ್ಷಣ ಸ್ತಬ್ಧವಾಗಿ ಶೂನ್ಯದತ್ತ ನೋಡಿ ಮತ್ತೆ ಎಚ್ಚರಗೊಳ್ಳುತ್ತಿದ್ದರೆ, ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ತಡಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು.

ಇಂದ್ರಿಯಗಳ ಸಮಾಧಾನ

ಮನಸ್ಸು ಅಣು ಮತ್ತು ಏಕ ಎಂದು ಚರಕಾಚಾರ್ಯರು ಹೇಳಿದ್ದಾರೆ. ಅಂದರೆ ಅದು ಏಕಕಾಲದಲ್ಲಿ ಅನೇಕ ಇಂದ್ರಿಯಗಳಲ್ಲಿ ನಿಲ್ಲಲಾರದು. ಮಿಕ್ಸಿಯ ಸದ್ದು, ಅಂಗಿಯ ಕುತ್ತಿಗೆಪಟ್ಟಿಯ ಚುಚ್ಚು, ಬೀದಿಯ ಧ್ವನಿವರ್ಧಕ ಇವೆಲ್ಲ ನಮಗೆ ಹಿನ್ನೆಲೆ. ಈ ಮಗುವಿಗೆ ಪ್ರತಿಯೊಂದೂ ಮುನ್ನೆಲೆ. ಮನಸ್ಸು ಒಂದರಿಂದ ಒಂದಕ್ಕೆ ಹಾರುತ್ತಲೇ ಇರುತ್ತದೆ.

ಆದುದರಿಂದ ಪಾಠದ ಸ್ಥಳ ಅಡುಗೆಮನೆ, ಟಿ.ವಿ.ಗಳಿಂದ ದೂರವಿರಲಿ. ಎದುರಿಗೆ ಬರಿಯ ಗೋಡೆಯಿರಲಿ. ಮೃದುವಾದ ಹಳೆಯ ಹತ್ತಿಬಟ್ಟೆ ತೊಡಿಸಿ. ಕುಕ್ಕರ್ ಕೂಗುವ ಮುನ್ನ, ಜಾತ್ರೆಗೆ ಹೊರಡುವ ಮುನ್ನ ಮಗುವಿಗೆ ತಿಳಿಸಿ.

ಸ್ಪರ್ಶವು ಎಲ್ಲ ಇಂದ್ರಿಯಗಳನ್ನೂ ವ್ಯಾಪಿಸಿದೆ ಎಂಬುದು ಚರಕಸಂಹಿತೆಯ ಮತ. ಬೆಳಗಿನ ಸ್ನಾನಕ್ಕೆ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಕೈಕಾಲು, ಬೆನ್ನಿಗೆ ಹತ್ತು ನಿಮಿಷ ಅಭ್ಯಂಗ ಮಾಡಬಹುದು. ಬೆರಳ ತುದಿಯ ಹಗುರ ಸ್ಪರ್ಶ ಇಂಥ ಮಕ್ಕಳಿಗೆ ಕಿರಿಕಿರಿಯೆನಿಸುವುದುಂಟು. ಅಂಗೈಯಿಂದ ನಿಧಾನವಾಗಿ, ತುಸು ಒತ್ತಿ ನೀವಬೇಕು. ಮಗು ಕೈ ಹಿಂದೆಗೆದರೆ ಅಲ್ಲಿಗೇ ನಿಲ್ಲಿಸಬೇಕು. ಬಲವಂತದ ಅಭ್ಯಂಗದಿಂದ ಪ್ರಯೋಜನವಿಲ್ಲ.

ಓಡುವ, ಕುಪ್ಪಳಿಸುವ ಮಗುವಿಗೆ ಭಾರದ ಕೆಲಸ ಹಿತವೆನಿಸುತ್ತದೆ. ನಮ್ಮ ತೋಟದ ಮನೆಗಳಲ್ಲಿ ಇದಕ್ಕೆ ಕೊರತೆಯಿಲ್ಲ. ತೆಂಗಿನಕಾಯಿಗಳನ್ನು ಅಂಗಳದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುವುದು, ಸಣ್ಣ ಬಿಂದಿಗೆಯಲ್ಲಿ ಗಿಡಗಳಿಗೆ ನೀರು ಹೊರುವುದು, ರೊಟ್ಟಿಯ ಹಿಟ್ಟನ್ನು ನಾದುವುದು ಇಂಥ ಕೆಲಸವನ್ನು ಹತ್ತು ನಿಮಿಷ ಮಾಡಿ ಬಂದ ಮಗು ಪಾಠಕ್ಕೆ ಶಾಂತವಾಗಿ ಕೂರುವುದನ್ನು ಅನೇಕ ತಾಯಂದಿರು ಕಂಡಿದ್ದಾರೆ. ಇದನ್ನು ಶಿಕ್ಷೆಯಾಗಿ ಕೊಡದೆ ಮನೆಯ ಕಾಯಕದಲ್ಲಿ ಮಗುವಿನ ಪಾಲಾಗಿ ಕೊಡಬೇಕು.

ಗಮನದ ಅಳತೆ

ಒಂದು ಗಂಟೆ ಕೂರಿಸುವ ಹಟ ಬೇಡ. ಹತ್ತು ನಿಮಿಷ ಪಾಠ, ಐದು ನಿಮಿಷ ದೇಹಶ್ರಮ, ಮತ್ತೆ ಹತ್ತು ನಿಮಿಷ ಪಾಠ. ದಿನಕ್ಕೆ ಇಂಥ ನಾಲ್ಕಾರು ಸುತ್ತು ಸಾಕು. ಒಂದು ಸಲಕ್ಕೆ ಒಂದೇ ಸೂಚನೆ ಕೊಡಬೇಕು. “ಸ್ಲೇಟು ತಾ, ಕೈ ತೊಳೆ, ಇಲ್ಲಿ ಕೂತುಕೋ” ಎಂದರೆ ಮೊದಲನೆಯದಷ್ಟೇ ಕಿವಿಗೆ ಬಿದ್ದಿರುತ್ತದೆ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಿ, ಮುಗಿದುದನ್ನು ಮಗುವೇ ಗುರುತು ಹಾಕಲಿ. ರಾತ್ರಿ ಮೊಬೈಲು ಬೇಡ. ಮಲಗುವ ವೇಳೆ ದಿನವೂ ಒಂದೇ ಇರಲಿ.

ಕನ್ನಡ ಅಕ್ಷರದ ಕಷ್ಟ

ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ಕನ್ನಡದಲ್ಲಿ ವರ್ಣಮಾಲೆಯ ಜೊತೆಗೆ ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳಾಗುತ್ತವೆ. ಬೆಂಗಳೂರಿನಲ್ಲಿ ಕನ್ನಡ ಓದಿನ ಬಗ್ಗೆ ಸಂಶೋಧನೆ ನಡೆಸಿದ ಸೋನಾಲಿ ನಾಗ್ ಅವರು ಈ ಕಲಿಕೆ ಸಾಮಾನ್ಯ ಮಕ್ಕಳಲ್ಲಿಯೂ ಹಲವು ತರಗತಿಗಳವರೆಗೆ ಮುಂದುವರಿಯುತ್ತದೆಂದು ತೋರಿಸಿದ್ದಾರೆ. ಹಾಗಿರುವಾಗ ತೊಡಕುಳ್ಳ ಮಗುವಿಗೆ ಇನ್ನಷ್ಟು ಕಾಲ ಬೇಕೇ ಬೇಕು.

ಮೊದಲು ಕಿವಿಯ ಆಟ. “ಅರಸ” ಎಂಬುದರಲ್ಲಿ ಎಷ್ಟು ಚಪ್ಪಾಳೆ? ಮೂರು. ಅದರಿಂದ “ಅ” ತೆಗೆದರೆ? “ರಸ”. ಇಂಥ ಆಟ ದಿನಕ್ಕೆ ಐದು ನಿಮಿಷ ನಡೆಯಲಿ. ಬಳಿಕ ತಟ್ಟೆಯಲ್ಲಿ ರಾಗಿ ಹರಡಿ, ಧ್ವನಿಯನ್ನು ಗಟ್ಟಿಯಾಗಿ ಹೇಳುತ್ತ ಬೆರಳಿನಿಂದ ಅಕ್ಷರ ತಿದ್ದಿಸಿ. ರಾಗಿಯ ಸ್ಪರ್ಶ ಸೇರದ ಮಗುವಿಗೆ ಸ್ಲೇಟಿನ ಮೇಲೆ ಒದ್ದೆಬಟ್ಟೆಯಿಂದ ಬರೆಸಬಹುದು.

ಪ–ಷ, ಮ–ವ, ಬ–ಭ, ಥ–ಧ ಇಂಥ ಹೋಲುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಒತ್ತಕ್ಷರಗಳಲ್ಲಿ ಮೊದಲು ಅಕ್ಕ, ಅಪ್ಪ, ಅಮ್ಮ ಮುಂತಾದ ಸಜಾತೀಯಗಳು; ಅನಂತರ ಭಕ್ತಿ, ಪುಸ್ತಕದಂಥವು. ಅರ್ಕಾವತ್ತನ್ನು ಕೊನೆಗಿಡಿ. “ಸೂರ್ಯ” ಎಂಬಲ್ಲಿ ರಕಾರವು ಕಿವಿಗೆ ಮೊದಲು ಕೇಳಿಸುತ್ತದೆ, ಕಣ್ಣಿಗೆ ಆಮೇಲೆ ಕಾಣಿಸುತ್ತದೆ. ಮಗು ಅಲ್ಲಿ ಎಡವಿದರೆ ಅದು ಅಜಾಗರೂಕತೆಯಲ್ಲ.

ಮಠದ ಮಕ್ಕಳಿಗೆ ಒಂದು ಅನುಕೂಲವಿದೆ. ಅನೇಕ ವಚನಗಳು ಅವರಿಗೆ ಕೇಳಿ ಕೇಳಿಯೇ ಬಾಯಿಗೆ ಬಂದಿರುತ್ತವೆ. ಬಾಯಿಪಾಠವಾದ ಒಂದು ಚಿಕ್ಕ ವಚನವನ್ನು ದಪ್ಪ ಅಕ್ಷರಗಳಲ್ಲಿ, ಸಾಲುಗಳ ನಡುವೆ ಅಂತರ ಬಿಟ್ಟು ಬರೆದುಕೊಡಿ. ಮಗು ಹೇಳುತ್ತ ಪ್ರತಿ ಪದದ ಕೆಳಗೆ ಬೆರಳಿಡಲಿ. ಮರುದಿನ ಅದೇ ಪದಗಳನ್ನು ಬಿಡಿಚೀಟಿಗಳಲ್ಲಿ ಬರೆದು ಗುರುತಿಸಲು ಹೇಳಿ. ಬಾಯಿಪಾಠವನ್ನೇ ಓದೆಂದು ಭ್ರಮಿಸದಿರಲು ಈ ಚೀಟಿಗಳು ಅವಶ್ಯಕ.

ವಿಜ್ಞಾನ, ಸಮಾಜ ಪಾಠಗಳನ್ನು ನೀವೇ ಓದಿ ಹೇಳಿ, ಮಗುವಿನಿಂದ ಬಾಯಿಮಾತಿನ ಉತ್ತರ ಪಡೆಯಿರಿ. ಓದು ತಡವಾಯಿತೆಂದು ಜ್ಞಾನವೂ ತಡವಾಗಬಾರದು.

ಔಷಧದ ವಿಷಯ

ಒಂದೆಲಗ, ಜೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಈ ನಾಲ್ಕನ್ನು ಚರಕಸಂಹಿತೆ ಮೇಧ್ಯ ರಸಾಯನಗಳೆಂದು ಹೇಳಿದೆ. ವಾರಕ್ಕೆರಡು ಸಲ ಒಂದೆಲಗದ ತಂಬುಳಿ ಉತ್ತಮ ಆಹಾರ. ಉಳಿದವನ್ನು ವೈದ್ಯರು ಮಗುವನ್ನು ನೋಡಿಯೇ ಕೊಡಬೇಕು. ಇವು ಸಹಾಯಕಗಳು, ಕಲಿಕೆಗೆ ಬದಲಿಯಲ್ಲ. ಬುದ್ಧಿವರ್ಧಕವೆಂದು ಮಾರುವ, ಪಾದರಸ ಅಥವಾ ಸೀಸ ಬೆರೆತಿರಬಹುದಾದ ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ಮಕ್ಕಳಿಗೆ ಕೊಡಲೇಬಾರದು. ಮನೋವೈದ್ಯರು ಗಮನಕ್ಕಾಗಿ ಔಷಧ ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬಾರದು.

ಮನೆಯ ಬಾಗಿಲು ತೆರೆದಿರಲಿ

ಮನೆಪಾಠದ ದೊಡ್ಡ ಅಪಾಯವೆಂದರೆ ಮಗು ಲೆಕ್ಕಪತ್ರದಿಂದಲೇ ಮರೆಯಾಗುವುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ನಾಲ್ಕೂ ಕಡೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿದೆ. ಅಲ್ಲಿ ಮಗುವಿನ ವಿಷಯ ತಿಳಿಸಿ, ಸಮಗ್ರ ಶಿಕ್ಷಣ ಯೋಜನೆಯ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು ಕೇಳಿಕೊಳ್ಳಿ. ತೀವ್ರ ಮತ್ತು ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಹಕ್ಕನ್ನು 2012ರ ತಿದ್ದುಪಡಿ ನೀಡಿದೆ. ಉಳಿದ ಮಕ್ಕಳು 6ರಿಂದ 14ರ ವಯಸ್ಸಿನಲ್ಲಿ ಯಾವಾಗ ಬೇಕಾದರೂ ವಯಸ್ಸಿಗೆ ತಕ್ಕ ತರಗತಿಗೆ ಮರಳಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಸೇರಿವೆ. ಗಮನದ ಕೊರತೆ ಪ್ರತ್ಯೇಕವಾಗಿ ಸೇರಿಲ್ಲ. ಆದುದರಿಂದ ಎರಡೂ ಇರುವ ಮಗುವಿಗೆ ಓದಿನ ತೊಡಕಿನ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಮುಂತಾದ ಸೌಲಭ್ಯ ಕೇಳಬಹುದು. ಮೊದಲು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿವೆ. ಮನೆಯಲ್ಲಿ ಕಲಿತವರು 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೆಯ ತರಗತಿ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ದಣಿದ ತಾಯಿತಂದೆಯರು ಮನದಳಲನ್ನು ಹೇಳಿಕೊಳ್ಳಲು 14416 ಎಂಬ ಟೆಲಿಮಾನಸ್ ದೂರವಾಣಿ ಉಚಿತವಾಗಿದೆ.

ವಾರಕ್ಕೊಮ್ಮೆಯಾದರೂ ಮಗು ಇತರ ಮಕ್ಕಳೊಡನೆ ಆಡಲಿ. ಸದ್ದು ಸಹಿಸದಿದ್ದರೆ ಕಿವಿಗೆ ಹತ್ತಿಯಿಟ್ಟು, ಹೊರಗಿನ ಸಾಲಿನಲ್ಲಿ ಕೂರಿಸಿಯಾದರೂ ಮಠದ ಕಾರ್ಯಕ್ರಮಗಳಿಗೆ ಕರೆತನ್ನಿ. ಅಲ್ಲಿ ಎದ್ದು ಓಡಾಡುವ ಮಗುವನ್ನು ಕಂಡರೆ ಭಕ್ತರು ಹುಬ್ಬುಗಂಟಿಕ್ಕದೆ ಸ್ವಲ್ಪ ಜಾಗ ಬಿಟ್ಟುಕೊಡಬೇಕು. ಹಾಗೆ ಜಾಗ ಬಿಡುವುದೂ ದಾಸೋಹವೇ.

ತಿಂಗಳಿಗೊಮ್ಮೆ ಒಂದು ಪುಟ ಬರೆದಿಡಿ: ಎಷ್ಟು ಹೊತ್ತು ಕೂತಿತು, ಯಾವ ಅಕ್ಷರ ಬಂತು, ಯಾವ ಸದ್ದನ್ನು ತಾಳಿತು. ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿ. ಕಳೆದ ತಿಂಗಳ ಪುಟದೊಡನೆ ಹೋಲಿಸಿ. ವೈದ್ಯರ ಬಳಿಗೆ ಬರುವಾಗ ಆ ಪುಟಗಳನ್ನು ತಪ್ಪದೆ ತನ್ನಿ.