ಪೆಟ್ರೋಲ್, ಡೀಸೆಲ್ ದರ: ಏರಿದರೆ ಒಳಿತೋ, ಇಳಿದರೆ ಒಳಿತೋ?



2025ರ ಏಪ್ರಿಲ್ 1ರಂದು ನಮ್ಮ ರಾಜ್ಯದಲ್ಲಿ ಎರಡು ದರಗಳು ಒಂದೇ ದಿನ ಏರಿದವು. ನಂದಿನಿ ಹಾಲಿನ ಮಾರಾಟ ದರ ಲೀಟರಿಗೆ 4 ರೂ. ಹೆಚ್ಚಾಯಿತು. ಅದೇ ದಿನ ಡೀಸೆಲ್ ಮೇಲಿನ ರಾಜ್ಯ ಮಾರಾಟ ತೆರಿಗೆ ಶೇ. 18.44ರಿಂದ ಶೇ. 21.17ಕ್ಕೆ ಏರಿ, ಬಂಕಿನಲ್ಲಿ ಡೀಸೆಲ್ ದರ ಲೀಟರಿಗೆ ಸುಮಾರು 2 ರೂ. ಹೆಚ್ಚಾಯಿತು. "ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು" ಎಂದು ಸಂಘದ ಕಟ್ಟೆಯ ಮೇಲೆ ಮಾತಾಡಿಕೊಂಡವರುಂಟು. ಕಿತ್ತುಕೊಂಡದ್ದು ಎಷ್ಟು? ಇಂಧನ ಅಗ್ಗವಾಗಿದ್ದರೆ ಸಮಾಜಕ್ಕೆ ಒಳ್ಳೆಯದೇ, ದುಬಾರಿಯಾಗಿದ್ದರೆ ಒಳ್ಳೆಯದೇ? ಲೆಕ್ಕ ಹಾಕಿ ನೋಡೋಣ.

ಒಂದು ಲೀಟರ್ ಹಾಲಿನಲ್ಲಿ ಇಂಧನ ಎಷ್ಟು?

ಇದು ತಿಳಿವಳಿಕೆಗಾಗಿ ಹಾಕಿದ ಮಾದರಿ ಲೆಕ್ಕ. ನಿಮ್ಮ ಮಾರ್ಗದ ಅಂಕಿಗಳನ್ನು ಹಾಕಿ ನೀವೇ ತಾಳೆ ನೋಡಬಹುದು.

ಹಾಲಿನ ಗಾಡಿ ದಿನಕ್ಕೆ 100 ಕಿ.ಮೀ. ಓಡುತ್ತದೆ, ಲೀಟರಿಗೆ 8 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಬೇಕಾಗುವ ಡೀಸೆಲ್ ಹನ್ನೆರಡೂವರೆ ಲೀಟರ್. ಲೀಟರಿಗೆ 90 ರೂ.ನಂತೆ 1,125 ರೂ. ಗಾಡಿಯಲ್ಲಿ 2,500 ಲೀಟರ್ ಹಾಲಿದ್ದರೆ ಲೀಟರ್ ಹಾಲಿಗೆ ಬೀಳುವ ಡೀಸೆಲ್ ಖರ್ಚು 45 ಪೈಸೆ. ಡೀಸೆಲ್ 2 ರೂ. ಏರಿದರೆ ಹೆಚ್ಚಾಗುವುದು 1 ಪೈಸೆ. 10 ರೂ. ಏರಿದರೆ 5 ಪೈಸೆ.

ಅದೇ ಗಾಡಿ ಬೇಸಿಗೆಯಲ್ಲಿ ಬರೀ 1,000 ಲೀಟರ್ ಹಾಲು ತಂದರೆ? ಖರ್ಚು ಲೀಟರಿಗೆ 1 ರೂ. 12 ಪೈಸೆ ದಾಟುತ್ತದೆ. ಡೀಸೆಲ್ ದರ ಒಂದು ಪೈಸೆಯೂ ಏರದೆ, ಗಾಡಿ ಅರ್ಧ ಖಾಲಿ ಬಂದದ್ದರಿಂದಲೇ 67 ಪೈಸೆ ಹೆಚ್ಚಾಯಿತು.

ಇನ್ನು ನಿಮ್ಮ ಮನೆಯ ಬೈಕು. ಮನೆಯಿಂದ ಸಂಘಕ್ಕೆ ಒಂದೂವರೆ ಕಿ.ಮೀ. ಎರಡು ಹೊತ್ತೂ ಹೋಗಿ ಬಂದರೆ 6 ಕಿ.ಮೀ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿಗೆ 120 ಮಿ.ಲೀ. ಪೆಟ್ರೋಲ್, ಲೀಟರಿಗೆ 100 ರೂ.ನಂತೆ 12 ರೂ. ನೀವು ಹಾಕುವ ಹಾಲು ದಿನಕ್ಕೆ 10 ಲೀಟರ್ ಆದರೆ, ಲೀಟರಿಗೆ 1 ರೂ. 20 ಪೈಸೆ. ತುಂಬಿದ ಗಾಡಿ 100 ಕಿ.ಮೀ. ಓಡುವ ಖರ್ಚಿಗಿಂತ ನಮ್ಮ ಬೈಕಿನ ಖರ್ಚೇ ಹೆಚ್ಚು! ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಆದ್ದರಿಂದಲೇ ನಮ್ಮ ಗಮನಕ್ಕೆ ಬರುವುದಿಲ್ಲ.

ಅಗ್ಗವಾಗಿದ್ದಾಗ ಲಾಭ ಯಾರಿಗೆ?

ಇಂಧನ ಅಗ್ಗವಾದರೆ ಬಡವನಿಗೆ ಅನುಕೂಲ ಎಂಬುದು ಮೇಲ್ನೋಟದ ಮಾತು. 2014ರ ಅಕ್ಟೋಬರ್‌ವರೆಗೆ ಡೀಸೆಲ್ ದರ ಕೇಂದ್ರ ಸರ್ಕಾರದ ಹಿಡಿತದಲ್ಲಿತ್ತು. ಬಹಳ ಕಾಲ ಖರೀದಿ ವೆಚ್ಚಕ್ಕಿಂತ ಕಡಿಮೆ ದರಕ್ಕೆ ಮಾರಲಾಯಿತು. ನಷ್ಟವನ್ನು ಸರ್ಕಾರ ಮತ್ತು ತೈಲ ಕಂಪನಿಗಳು ಹೊತ್ತವು. ಆದರೆ ಆ ಸಹಾಯ ಲೀಟರ್ ಲೆಕ್ಕದಲ್ಲಿ ಸಿಗುತ್ತಿತ್ತು. ಹೆಚ್ಚು ಡೀಸೆಲ್ ಸುಟ್ಟವನಿಗೆ ಹೆಚ್ಚು ಸಹಾಯ. ನಗರದಲ್ಲಿ ದೊಡ್ಡ ಡೀಸೆಲ್ ಕಾರು ಇಟ್ಟವನು, ಎರಡು ಹಸು ಕಟ್ಟಿಕೊಂಡ ರೈತನಿಗಿಂತ ಎಷ್ಟೋ ಪಾಲು ಹೆಚ್ಚು ಪಡೆದ.

2013ರ ಜನವರಿಯಲ್ಲಿ ಇನ್ನೊಂದು ವಿಚಿತ್ರವಾಯಿತು. ಸಾರಿಗೆ ಸಂಸ್ಥೆಗಳಂತಹ ಸಗಟು ಖರೀದಿದಾರರಿಗೆ ಪೂರ್ತಿ ಮಾರುಕಟ್ಟೆ ದರ ನಿಗದಿಯಾಯಿತು, ಬಂಕಿನಲ್ಲಿ ಹಾಕಿಸುವವರಿಗೆ ಸಹಾಯಧನದ ದರವೇ ಉಳಿಯಿತು. ಐವತ್ತು ಜನರನ್ನು ಹೊತ್ತ ಬಸ್ಸಿನ ಡೀಸೆಲ್ ದುಬಾರಿ, ಒಬ್ಬನೇ ಕುಳಿತ ಕಾರಿನ ಡೀಸೆಲ್ ಅಗ್ಗ!

ಅಗ್ಗದ ವಸ್ತುವನ್ನು ಅಳತೆಯಿಲ್ಲದೆ ಬಳಸುವುದು ಮನುಷ್ಯ ಸ್ವಭಾವ. 10 ಎಚ್.ಪಿ.ವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ನಮ್ಮಲ್ಲಿ ವಿದ್ಯುತ್ ಬಿಲ್ ಇಲ್ಲ. ಅದರಿಂದ ಸಣ್ಣ ರೈತ ಉಳಿದಿದ್ದಾನೆ, ನಿಜ. ಆದರೆ ಕೊಳವೆಬಾವಿ ವರ್ಷದಿಂದ ವರ್ಷಕ್ಕೆ ಆಳಕ್ಕೆ ಇಳಿದದ್ದನ್ನು ಜಗಳೂರು, ಚನ್ನಗಿರಿ ಕಡೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಡೀಸೆಲ್ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. 1990ರಲ್ಲಿ ಇರಾಕ್ ಕುವೈತಿನ ಮೇಲೆ ನುಗ್ಗಿದಾಗ ತೈಲ ಬೆಲೆ ಏರಿ, ಮರುವರ್ಷ ದೇಶದ ವಿದೇಶಿ ವಿನಿಮಯದ ಬಿಕ್ಕಟ್ಟು ಬಿಗಡಾಯಿಸಲು ಅದೂ ಒಂದು ಕಾರಣವಾಯಿತು.

ದುಬಾರಿಯಾದಾಗ ಹೊರೆ ಯಾರಿಗೆ?

ದುಬಾರಿಯಾದರೆ ಜನ ಮಿತವಾಗಿ ಬಳಸುತ್ತಾರೆ, ತೆರಿಗೆಯಿಂದ ಸರ್ಕಾರಕ್ಕೂ ಹಣ ಬರುತ್ತದೆ. ಆದರೆ ಬಳಕೆ ಕಡಿಮೆ ಮಾಡಲು ಆಗದವನು ಏನು ಮಾಡಬೇಕು?

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಹೊನ್ನಾಳಿಯ ನಾಲೆ ಬಯಲಿನಲ್ಲಿ ಭತ್ತದ ಹುಲ್ಲು ಸಿಗುತ್ತದೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ. ಜಗಳೂರಿನವರಿಗೆ ಬರಗಾಲ ಬಂದರೆ ಅದೇ ಹುಲ್ಲು ದಾವಣಗೆರೆ ದಾಟಿ ಲಾರಿಯಲ್ಲಿ ಬರಬೇಕು. ಚನ್ನಗಿರಿಯ ಅಡಿಕೆ ತೋಟದವರು ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹೊಡೆಸಿ ಗಿಡ ಉಳಿಸಿಕೊಂಡಿದ್ದಾರೆ. ಹಸುವಿಗೆ ಹುಲ್ಲು, ಗಿಡಕ್ಕೆ ನೀರು ಇವುಗಳನ್ನು "ಮುಂದಿನ ತಿಂಗಳು ನೋಡೋಣ" ಎನ್ನಲಾಗದು. ಒಂದೇ ಏರಿಕೆ, ಆದರೆ ದೂರದವನಿಗೆ, ನೀರಿಲ್ಲದವನಿಗೆ ಹೊರೆ ಹೆಚ್ಚು.

ಇನ್ನೊಂದು ಅಂಶ. 2017ರ ಜೂನ್ 16ರಿಂದ ಪೆಟ್ರೋಲ್, ಡೀಸೆಲ್ ದರವನ್ನು ದಿನದಿನವೂ ಬದಲಿಸುವ ಪದ್ಧತಿ ಬಂತು. ಹಾಲಿನ ದರ ಹಾಗಲ್ಲ. ಸರ್ಕಾರದ ಒಪ್ಪಿಗೆಯಾಗಿ, ಘೋಷಣೆಯಾಗಿ ಏರಬೇಕು. ನಡುವಿನ ತಿಂಗಳುಗಳ ಖರ್ಚನ್ನು ಉತ್ಪಾದಕ ಮತ್ತು ಒಕ್ಕೂಟ ಹೊರಬೇಕಾಗುತ್ತದೆ.

ತೈಲ ಅಗ್ಗವಾದಾಗಲೂ ಬಂಕಿನಲ್ಲಿ ಇಳಿಯುತ್ತದೆ ಎಂಬ ಖಾತರಿಯಿಲ್ಲ. 2020ರಲ್ಲಿ ಕೊರೊನಾದಿಂದ ಜಗತ್ತಿನ ಮಾರುಕಟ್ಟೆಯಲ್ಲಿ ತೈಲ ಬೆಲೆ ಕುಸಿಯಿತು. ಆ ಮೇ ತಿಂಗಳಲ್ಲಿ ಕೇಂದ್ರವು ತೆರಿಗೆಯನ್ನು ಪೆಟ್ರೋಲಿಗೆ 10 ರೂ., ಡೀಸೆಲಿಗೆ 13 ರೂ. ಹೆಚ್ಚಿಸಿತು. 2021ರ ನವೆಂಬರಿನಲ್ಲಿ ಕೇಂದ್ರವು ಪೆಟ್ರೋಲಿಗೆ 5, ಡೀಸೆಲಿಗೆ 10 ರೂ. ಇಳಿಸಿತು. ರಾಜ್ಯವು ಎರಡಕ್ಕೂ 7 ರೂ. ಇಳಿಸಿತು. ಬಂಕಿನ ದರದಲ್ಲಿ ತೈಲದ ಬೆಲೆ ಎಷ್ಟೋ, ತೆರಿಗೆಯೂ ಅಷ್ಟೇ ಮುಖ್ಯ.

ಹಾಗಾದರೆ ಯಾವುದು ಒಳ್ಳೆಯದು?

ತೀರಾ ಅಗ್ಗವೂ ಬೇಡ, ದಿಢೀರ್ ಏರಿಕೆಯೂ ಬೇಡ. ವೆಚ್ಚಕ್ಕೆ ತಕ್ಕ, ಮೊದಲೇ ಅಂದಾಜು ಸಿಗುವ, ಸಣ್ಣ ಹೆಜ್ಜೆಯಲ್ಲಿ ಬದಲಾಗುವ ದರ ಸಮಾಜಕ್ಕೆ ಹಿತ. 2013ರಿಂದ ಡೀಸೆಲ್ ದರ ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿತು. ಸಣ್ಣ ಏರಿಕೆಯಾದ್ದರಿಂದ ಜನ ಹೊಂದಿಕೊಳ್ಳಲು ಕಾಲ ಸಿಕ್ಕಿತು. ಇದಕ್ಕೊಂದು ಷರತ್ತು ಸೇರಿಸಬೇಕು. ಇಂಧನದ ಮೇಲೆ ಎತ್ತಿದ ತೆರಿಗೆ, ಬಳಕೆ ಕಡಿಮೆ ಮಾಡಲು ಆಗದವನಿಗೆ ಬಸ್ಸಾಗಿ, ರಸ್ತೆಯಾಗಿ, ಹಾಲಿನ ಪ್ರೋತ್ಸಾಹ ಧನವಾಗಿ ಹಿಂದಿರುಗಬೇಕು. ಹಿಂದಿರುಗಿದರೆ ದುಬಾರಿ ದರವನ್ನೂ ತಾಳಿಕೊಳ್ಳಬಹುದು. ಹಿಂದಿರುಗದಿದ್ದರೆ ಅದು ಬರೀ ಹೊರೆ.

ಸಹಕಾರಿ ಪದ್ಧತಿಯೊಳಗೇ ಈ ತತ್ವವಿದೆ. ಜಗಳೂರಿನ ದೂರದ ಸಂಘದ ಹಾಲಿಗೂ, ಡೇರಿಗೆ ಹತ್ತಿರದ ಸಂಘದ ಹಾಲಿಗೂ ಜಿಡ್ಡು, ಎಸ್.ಎನ್.ಎಫ್. ನೋಡಿ ದರ ಕಟ್ಟುತ್ತೇವೆ. ಕಿಲೋಮೀಟರ್ ನೋಡುವುದಿಲ್ಲ. ದೂರದ ಖರ್ಚನ್ನು ಎಲ್ಲರೂ ಹಂಚಿಕೊಂಡಿದ್ದೇವೆ.

ನಮ್ಮ ಕೈಯಲ್ಲಿರುವುದು

1. ಅಕ್ಕಪಕ್ಕದ ಎರಡು ಮನೆಯವರು ಸರದಿಯಲ್ಲಿ ಹಾಲು ತಂದರೆ ಬೈಕಿನ ಖರ್ಚು ಅರ್ಧಕ್ಕಿಳಿದು, ಲೀಟರಿಗೆ 60 ಪೈಸೆ ಉಳಿಯುತ್ತದೆ. ಅಳತೆ, ಪರೀಕ್ಷೆ ಮಾತ್ರ ಬೇರೆ ಬೇರೆಯಾಗಿಯೇ ಆಗಲಿ.

2. ಒಣಹುಲ್ಲು, ಪಶು ಆಹಾರವನ್ನು ಒಬ್ಬೊಬ್ಬರೇ ತರಿಸದೆ ಸಂಘದ ಮೂಲಕ ಪೂರ್ತಿ ಲೋಡು ತರಿಸಿ. ಸುಗ್ಗಿಯಲ್ಲೇ ತರಿಸಿ ಬಣವೆ ಹಾಕಿ.

3. ನೀರಿದ್ದವರು ಐದಾರು ಗುಂಟೆಯಲ್ಲಾದರೂ ಹಸಿರು ಮೇವು ಬೆಳೆಯಿರಿ. ಮನೆ ಹಿತ್ತಿಲ ಮೇವಿಗೆ ಲಾರಿ ಬಾಡಿಗೆಯಿಲ್ಲ.

4. ಬೇಸಿಗೆಯಲ್ಲಿ ಹಾಲು ಇಳಿಯದಂತೆ ಕರು ಹಾಕುವ ಕಾಲವನ್ನು ಹೊಂದಿಸಿಕೊಳ್ಳಿ. ತುಂಬಿದ ಗಾಡಿಯೇ ಅಗ್ಗದ ಗಾಡಿ.

ಸಂಘದ ಸಭೆಯಲ್ಲಿ ಚರ್ಚೆಗೆ

ನಮ್ಮ ಮಾರ್ಗದ ಗಾಡಿ ದಿನಕ್ಕೆ ಎಷ್ಟು ಕಿ.ಮೀ. ಓಡುತ್ತದೆ, ಎಷ್ಟು ಲೀಟರ್ ಹಾಲು ತರುತ್ತದೆ? ಕಳೆದ ವರ್ಷ ಮೇವಿನ ಸಾಗಣೆಗೆ ನಮ್ಮ ಊರಿನಿಂದ ಒಟ್ಟು ಎಷ್ಟು ಬಾಡಿಗೆ ಹೋಯಿತು? ಡೀಸೆಲ್ 5 ರೂ. ಏರಿದರೆ ನಮ್ಮ ಸಂಘದ ಒಂದು ಲೀಟರ್ ಹಾಲಿಗೆ ಎಷ್ಟು ಪೈಸೆ ಬೀಳುತ್ತದೆ? ಕಾರ್ಯದರ್ಶಿಗಳು ಈ ಮೂರು ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆಯಲಿ. ದರ ಹೆಚ್ಚಿಸಿರೆಂದು ನಾವು ಕೇಳುವಾಗ ಕೈಯಲ್ಲಿ ಲೆಕ್ಕವಿದ್ದರೆ ಮಾತಿಗೆ ತೂಕ ಬರುತ್ತದೆ.